ಹಂದಿಮಾಂಸವೂ ಅಡಿಗೆಮನೆಯ ಎಚ್ಚರವೂ

ಈ ಭಾಷಣದ ಹೆಸರು ಕಿವಿಗೆ ಬಿದ್ದೊಡನೆ ಕೆಲವರು ರೇಡಿಯೋದ ಕಿವಿ ಹಿಂಡಿ ಅದರ ಬಾಯಿ ಮುಚ್ಚಿಸಲು ಹೊರಟರೆ ಆಶ್ಚರ್ಯವಿಲ್ಲ. “ನಮ್ಮ ಮನೆಯಲ್ಲಿ ಹಂದಿಮಾಂಸದ ಮಾತೇ ಇಲ್ಲ, ನಮಗೇಕೆ ಈ ಕಥೆ?” ಎಂದು ಅವರು ಕೇಳಬಹುದು. ಮತ್ತೆ ಕೆಲವರು, ಕೊಡಗಿನವರೋ ಮಂಗಳೂರು ಕಡೆಯ ಕ್ರೈಸ್ತ ಬಂಧುಗಳೋ, “ಅಜ್ಜನ ಕಾಲದಿಂದ ತಿಂದುಕೊಂಡು ಬಂದಿದ್ದೇವೆ, ನಮಗೆ ಏನಾಗಿದೆ?” ಎನ್ನಬಹುದು. ಇಬ್ಬರ ಮಾತಿನಲ್ಲಿಯೂ ಅರ್ಥವಿದೆ. ಆದರೂ ಇಬ್ಬರೂ ಸ್ವಲ್ಪ ಹೊತ್ತು ಕಿವಿಗೊಡಬೇಕೆಂದು ನನ್ನ ಬಿನ್ನಹ. ಏಕೆಂದರೆ ಹಸಿ ಮಾಂಸದಿಂದ ಬರುವ ರೋಗಗಳು ಅದನ್ನು ತಿಂದವರನ್ನು ಮಾತ್ರವೇ ಹುಡುಕಿಕೊಂಡು ಹೋಗುವುದಿಲ್ಲ. ಎಷ್ಟೋ ಸಲ ಅವು ಕೊಯ್ದವರನ್ನು, ತೊಳೆದವರನ್ನು, ಪಕ್ಕದ ತೊಟ್ಟಿಲಲ್ಲಿ ಮಲಗಿದ್ದ ಕೂಸನ್ನು ಹಿಡಿಯುತ್ತವೆ. ಈ ಒಂದು ಮಾತು ನಿಮ್ಮ ಮನಸ್ಸಿನಲ್ಲಿ ನಿಂತರೆ ನನ್ನ ಕೆಲಸ ಮುಕ್ಕಾಲು ಮುಗಿದಂತೆ.

ಮೊದಲೇ ಒಂದು ಮಾತನ್ನು ಸ್ಪಷ್ಟಪಡಿಸುತ್ತೇನೆ. ಯಾರು ಏನನ್ನು ತಿನ್ನಬೇಕು, ಏನನ್ನು ಬಿಡಬೇಕು ಎಂಬ ಚರ್ಚೆ ಇಲ್ಲಿಯದಲ್ಲ. ಅದು ಅವರವರ ಮನೆಯ, ಮತದ, ನಾಲಗೆಯ ವಿಚಾರ. “ಹಂದಿ ಕೊಳಕು ಪ್ರಾಣಿ, ಆದ್ದರಿಂದಲೇ ಅದರ ಮಾಂಸದಲ್ಲಿ ರೋಗ” ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಒಳ್ಳೆಯ ಕೊಟ್ಟಿಗೆಯಲ್ಲಿ, ಒಳ್ಳೆಯ ಮೇವು ತಿಂದು, ಮೈ ಮಿರುಗುವಂತೆ ಬೆಳೆದ ಹಂದಿಯ ಕರುಳಿನಲ್ಲಿಯೂ ರೋಗಾಣುಗಳು ಇರಬಹುದು. ಅವುಗಳಲ್ಲಿ ಹಲವು ಹಂದಿಗೆ ಯಾವ ತೊಂದರೆಯನ್ನೂ ಕೊಡುವುದಿಲ್ಲ. ಬಾಡಿಗೆ ಮನೆಯಲ್ಲಿ ಸದ್ದಿಲ್ಲದೆ ಇರುವ ಒಕ್ಕಲಿನ ಹಾಗೆ ಇದ್ದುಬಿಡುತ್ತವೆ. ಮನುಷ್ಯನ ಹೊಟ್ಟೆಗೆ ಬಂದಾಗಲೇ ಅವುಗಳ ನಿಜವಾದ ಗುಣ ತಿಳಿಯುವುದು. ಕೋಳಿ, ಕುರಿ, ದನ ಇವುಗಳ ವಿಚಾರವೂ ಇದಕ್ಕೆ ಹೊರತಲ್ಲ.

ಹಾಗಾದರೆ ಈ ಅಣುಜೀವಿಗಳು ಮಾಂಸಕ್ಕೆ ಹೇಗೆ ಬರುತ್ತವೆ? ಆರೋಗ್ಯವಾದ ಪ್ರಾಣಿಯ ಮಾಂಸಖಂಡದ ಒಳಭಾಗ ಬಹುಮಟ್ಟಿಗೆ ಶುದ್ಧವಾಗಿಯೇ ಇರುತ್ತದೆ. ಅಣುಜೀವಿಗಳ ಬೀಡು ಕರುಳು, ಗಂಟಲಿನ ಗ್ರಂಥಿಗಳು ಮತ್ತು ಚರ್ಮ. ಪ್ರಾಣಿಯನ್ನು ಕೊಯ್ದು ಹಸನು ಮಾಡುವಾಗ ಕರುಳು ಒಂದಿಷ್ಟು ಹರಿದರೆ, ಗಂಟಲು ಕೊಯ್ದ ಚೂರಿಯೇ ತೊಡೆಯನ್ನೂ ಕೊಯ್ದರೆ, ಅಲ್ಲಿದ್ದ ಜೀವಿಗಳು ಮಾಂಸದ ಮೇಲ್ಮೈಗೆ ಅಂಟಿಕೊಳ್ಳುತ್ತವೆ. ದೊಡ್ಡ ತುಂಡಾದರೆ ಅವು ಹೊರಗಡೆಯೇ ಉಳಿಯುತ್ತವೆ. ಬೆಂಕಿ ಮೊದಲು ಮುಟ್ಟುವುದೂ ಹೊರಗನ್ನೇ. ಆದರೆ ಅದೇ ಮಾಂಸವನ್ನು ಕೊಚ್ಚಿ ಖೀಮ ಮಾಡಿದಿರೋ, ಹೊರಗಿದ್ದುದೆಲ್ಲ ಒಳಗೆ ಸೇರಿತು. ಕೊಚ್ಚಿದ ಮಾಂಸವನ್ನು ಇಡೀ ತುಂಡಿಗಿಂತ ಹೆಚ್ಚು ಬೇಯಿಸಬೇಕೆನ್ನುವುದು ಇದಕ್ಕಾಗಿಯೇ.

ಈಗ ನಿಮ್ಮನ್ನು ಒಂದು ದೂರದ ಊರಿಗೆ ಕರೆದೊಯ್ಯುತ್ತೇನೆ. ಬೆಲ್ಜಿಯಮ್ ದೇಶದಲ್ಲಿ ಎಲೆಝೆಲ್ ಎಂಬುದೊಂದು ಹಳ್ಳಿ. 1895ನೆಯ ಇಸವಿಯ ಡಿಸೆಂಬರ್ ತಿಂಗಳು. ಊರಿನ ವೃದ್ಧರೊಬ್ಬರು ತೀರಿಕೊಂಡರು. ಶವಸಂಸ್ಕಾರಕ್ಕೆ ಹಳ್ಳಿಯ ವಾದ್ಯಮೇಳದವರು ಬಂದು ವಾದ್ಯ ನುಡಿಸಿ, ಅನಂತರ ಅಲ್ಲಿಯ ಊಟದ ಮನೆಯಲ್ಲಿ ಊಟಕ್ಕೆ ಕುಳಿತರು. ಅವರಿಗೆ ಬಡಿಸಿದುದು ಉಪ್ಪುನೀರಿನಲ್ಲಿ ಊರಹಾಕಿದ್ದ, ಬೇಯಿಸದ ಹಂದಿಯ ತೊಡೆಯ ಮಾಂಸ. ಆ ದೇಶಗಳಲ್ಲಿ ಇದನ್ನು ಹಾಗೆಯೇ ತೆಳ್ಳಗೆ ಕೊಯ್ದು ತಿನ್ನುವುದು ರೂಢಿ. ಊಟ ಮಾಡಿದ 34 ಮಂದಿಯಲ್ಲಿ ಹಲವರಿಗೆ ಬೇಗನೆ ವಿಚಿತ್ರವಾದ ಕಾಯಿಲೆ ಕಾಣಿಸಿಕೊಂಡಿತು. ಒಂದು ವಸ್ತು ಎರಡಾಗಿ ಕಂಡಿತು. ಕಣ್ಣಿನ ರೆಪ್ಪೆ ಜೋತುಬಿತ್ತು. ಮಾತು ತೊದಲಿತು, ನುಂಗುವುದು ಕಷ್ಟವಾಯಿತು, ಕೈಕಾಲುಗಳ ಬಲ ಉಡುಗಿತು. ಮೂವರು ಸತ್ತರು. ಸುಮಾರು ಹತ್ತು ಮಂದಿ ಸಾವಿನ ಹೊಸ್ತಿಲು ಮುಟ್ಟಿ ಹಿಂದಿರುಗಿದರು.

ಗೆಂಟ್ ನಗರದ ವಿಶ್ವವಿದ್ಯಾನಿಲಯದಲ್ಲಿ ಎಮಿಲ್ ವಾನ್ ಎರ್ಮೆಂಗೆಮ್ ಎಂಬ ಅಧ್ಯಾಪಕರಿದ್ದರು. ಕ್ಷಯದ ಅಣುಜೀವಿಯನ್ನು ಕಂಡುಹಿಡಿದ ರಾಬರ್ಟ್ ಕಾಖ್ ಅವರ ಬಳಿ ಕಲಿತು ಬಂದವರು. ಉಳಿದ ಮಾಂಸವನ್ನೂ ಸತ್ತವರಲ್ಲಿ ಒಬ್ಬರ ದೇಹದ ಭಾಗವನ್ನೂ ಅವರು ಪರೀಕ್ಷಿಸಿದರು. ಎರಡರಲ್ಲಿಯೂ ಒಂದೇ ಅಣುಜೀವಿ ಸಿಕ್ಕಿತು. 1897ರಲ್ಲಿ ಅದರ ವಿವರವನ್ನು ಪ್ರಕಟಿಸಿ ಅದಕ್ಕೆ ‘ಬಾಸಿಲಸ್ ಬಾಟುಲಿನಸ್’ ಎಂದು ಹೆಸರಿಟ್ಟರು. ‘ಬಾಟುಲಸ್’ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಕರುಳಿನಲ್ಲಿ ತುಂಬಿದ ಮಾಂಸ, ಅಂದರೆ ಸಾಸೇಜು. ಆ ಹೆಸರಿಗೂ ಕಾರಣವಿತ್ತು. ಅದಕ್ಕೆ ಮುಕ್ಕಾಲು ಶತಮಾನ ಮೊದಲೇ, 1820ರ ಸುಮಾರಿನಲ್ಲಿ, ಜರ್ಮನಿಯ ವ್ಯೂರ್ಟೆಂಬರ್ಗ್ ಪ್ರಾಂತದ ವೈದ್ಯ ಯುಸ್ಟಿನಸ್ ಕೆರ್ನರ್, ಕವಿಯೂ ಹೌದು, ಕೆಟ್ಟ ಸಾಸೇಜಿನಿಂದ ಜನ ಸಾಯುವುದನ್ನು ಕಂಡು ಅದರಲ್ಲೊಂದು ನಂಜು ಇರಬೇಕೆಂದು ಬರೆದಿಟ್ಟಿದ್ದರು.

ಎಲೆಝೆಲ್‌ನ ಕಥೆಯಲ್ಲಿ ನಾವು ಗಮನಿಸಬೇಕಾದ ಒಂದು ಅಂಶವಿದೆ. ಅದೇ ಹಂದಿಯ ಇನ್ನೊಂದು ತೊಡೆಯನ್ನು ತಿಂದವರಿಗೆ ಏನೂ ಆಗಿರಲಿಲ್ಲ! ಹಂದಿ ಒಂದೇ, ಪೀಪಾಯಿ ಒಂದೇ. ಒಂದು ತುಂಡು ಊಟ, ಇನ್ನೊಂದು ನಂಜು. ಏಕೆ? ನಂಜಾದ ತೊಡೆ ಪೀಪಾಯಿಯ ತಳದಲ್ಲಿ ಉಪ್ಪುನೀರಿನೊಳಗೆ ಮುಳುಗಿತ್ತು. ಅಲ್ಲಿ ಗಾಳಿಯ ಸಂಪರ್ಕವಿರಲಿಲ್ಲ. ಈ ಅಣುಜೀವಿ ಬೆಳೆಯುವುದು ಗಾಳಿಯಿಲ್ಲದ ಕಡೆಯಲ್ಲಿಯೇ. ಉಪ್ಪು ಸಾಲದಾಯಿತು, ಗಾಳಿ ಇಲ್ಲದಾಯಿತು, ಸಮಯ ಬೇಕಾದಷ್ಟು ದೊರೆಯಿತು, ನಂಜು ಕೂಡಿತು. ಆ ನಂಜು ಕುದಿಯುವ ಬಿಸಿಯಲ್ಲಿ ಹಾಳಾಗುತ್ತದೆ. ಆ ಮಾಂಸವನ್ನು ಹತ್ತು ನಿಮಿಷ ಚೆನ್ನಾಗಿ ಕುದಿಸಿದ್ದರೆ ಆ ಮೂವರು ಮತ್ತೆ ಎಷ್ಟೋ ಸಲ ವಾದ್ಯ ನುಡಿಸುತ್ತಿದ್ದರು. ಇಂದು ಕಾರ್ಖಾನೆಗಳಲ್ಲಿ ಹಂದಿಮಾಂಸವನ್ನು ಉಪ್ಪಿನಲ್ಲಿ ಸಂಸ್ಕರಿಸುವಾಗ ನೈಟ್ರೈಟ್ ಲವಣವನ್ನು ಅಳತೆಯಲ್ಲಿ ಸೇರಿಸುವುದು ಮುಖ್ಯವಾಗಿ ಈ ಶತ್ರುವನ್ನು ತಡೆಯಲಿಕ್ಕೆ. ಹಿಂದಿನವರು ಕಾರಣ ತಿಳಿಯದೆಯೇ ಪೆಟ್ಲುಪ್ಪು ಹಾಕುತ್ತಿದ್ದುದೂ ಇದೇ ಕೆಲಸ ಮಾಡುತ್ತಿತ್ತು.

ಇಂಥ ನಂಜು ಅಪರೂಪ. ದಿನನಿತ್ಯ ಕಾಡುವವನು ಬೇರೆ. ಅವನ ಹೆಸರು ಸಾಲ್ಮೊನೆಲ್ಲ. ಹೆಸರನ್ನು ಕೇಳಿ ಸಾಲ್ಮನ್ ಮೀನಿಗೂ ಇದಕ್ಕೂ ನಂಟೆಂದು ತಿಳಿಯಬೇಡಿ. ಅಮೆರಿಕದ ಪಶುವೈದ್ಯ ಡೇನಿಯಲ್ ಸಾಲ್ಮನ್ ಅವರ ಪ್ರಯೋಗಶಾಲೆಯಲ್ಲಿ 1885ರಲ್ಲಿ ಥಿಯೊಬಾಲ್ಡ್ ಸ್ಮಿತ್ ಎಂಬ ತರುಣ ವಿಜ್ಞಾನಿ ರೋಗದಿಂದ ನರಳುತ್ತಿದ್ದ ಹಂದಿಗಳಲ್ಲಿ ಇದನ್ನು ಕಂಡುಹಿಡಿದರು. ಆಗ ಹಂದಿಗಳ ಮಾರಿಯಾಗಿದ್ದ ಒಂದು ಜಾಡ್ಯಕ್ಕೆ ಇದೇ ಕಾರಣವೆಂದು ಅವರು ಭಾವಿಸಿದ್ದರು. ಆ ಜಾಡ್ಯದ ನಿಜವಾದ ಕಾರಣ ಒಂದು ವೈರಸ್ ಎಂಬುದು 1903ರಲ್ಲಿ ತಿಳಿಯಿತು. ಆರೋಪ ಸುಳ್ಳಾಯಿತು, ಆದರೆ ಆರೋಪಿ ಸಾಧುವಾಗಲಿಲ್ಲ. ಈ ಕುಲದ ಅಣುಜೀವಿಗಳೇ ಮನುಷ್ಯರಲ್ಲಿ ಜ್ವರ, ಹೊಟ್ಟೆನೋವು, ವಾಂತಿ, ಭೇದಿಗಳಿಗೆ ಕಾರಣವೆಂದು ಮುಂದೆ ಗೊತ್ತಾಯಿತು. ನಮಗೆಲ್ಲ ಪರಿಚಿತವಾದ ವಿಷಮಶೀತಜ್ವರ, ಅಂದರೆ ಟೈಫಾಯಿಡ್, ಅದರ ಕಾರಣವೂ ಇದೇ ಕುಲದ್ದು. ಆದರೆ ಅದು ಮನುಷ್ಯನಿಂದ ಮನುಷ್ಯನಿಗೆ ಬರುವಂಥದು. ಹಂದಿ, ಕೋಳಿ, ಮೊಟ್ಟೆಗಳಿಂದ ಬರುವವು ಅದರ ದಾಯಾದಿಗಳು.

ಆರೋಗ್ಯವಂತನಾದ ದೊಡ್ಡವನು ಸಾಮಾನ್ಯವಾಗಿ ಕೆಲವು ದಿನ ನರಳಿ ಚೇತರಿಸಿಕೊಳ್ಳುತ್ತಾನೆ. ಹಸುಗೂಸುಗಳು, ಮುದುಕರು, ಗರ್ಭಿಣಿಯರು, ಮತ್ತೊಂದು ಕಾಯಿಲೆಯಿಂದ ಮೊದಲೇ ಸೋತವರು, ಇವರ ವಿಚಾರ ಹಾಗಲ್ಲ. ಡೆನ್ಮಾರ್ಕ್ ದೇಶ ಹಂದಿ ಸಾಕುವುದರಲ್ಲಿಯೂ ಶುಚಿತ್ವದಲ್ಲಿಯೂ ಹೆಸರಾದದ್ದು. ಅಲ್ಲಿಯೇ 1998ರಲ್ಲಿ ಹಂದಿಮಾಂಸದಿಂದ ಒಂದು ಬಗೆಯ ಸಾಲ್ಮೊನೆಲ್ಲ ಹರಡಿತು. ಪರೀಕ್ಷೆಯಿಂದ ಖಚಿತವಾದ ರೋಗಿಗಳು 25 ಮಂದಿ. ಅವರಲ್ಲಿ 11 ಮಂದಿ ಆಸ್ಪತ್ರೆ ಸೇರಿದರು, ಇಬ್ಬರು ಸತ್ತರು. ಸಂಖ್ಯೆ ಸಣ್ಣದೆನಿಸಬಹುದು. ಆದರೆ ವೈದ್ಯರನ್ನು ಹೆದರಿಸಿದ್ದು ಸಂಖ್ಯೆಯಲ್ಲ. ಸಾಮಾನ್ಯವಾಗಿ ಕೊಡುವ ಹಲವು ಔಷಧಿಗಳಿಗೆ ಆ ಅಣುಜೀವಿ ಬಗ್ಗಲಿಲ್ಲ ಎಂಬ ಸಂಗತಿ. ಪ್ರಾಣಿಗಳಿಗೆ ಬೇಕಾಬಿಟ್ಟಿಯಾಗಿ ಆಂಟಿಬಯಾಟಿಕ್ ಕೊಟ್ಟಷ್ಟೂ ಇಂಥ ಹಟಮಾರಿಗಳು ಹೆಚ್ಚುತ್ತವೆ. ಕೊಟ್ಟಿಗೆಯಲ್ಲಿ ಪೋಲಾದ ಔಷಧಿ ನಾಳೆ ಆಸ್ಪತ್ರೆಯ ಹಾಸಿಗೆಯ ಬಳಿ ಕೈಕೊಡುತ್ತದೆ.

ಇಲ್ಲೊಂದು ಲೆಕ್ಕ ಹಾಕೋಣ. ಹಿತವಾದ ಬೆಚ್ಚನೆಯ ಸ್ಥಿತಿಯಲ್ಲಿ ಇಂಥ ಒಂದು ಅಣುಜೀವಿ ಸುಮಾರು 20 ನಿಮಿಷಕ್ಕೆ ಎರಡಾಗಬಲ್ಲದು. ಎರಡು ನಾಲ್ಕಾಗುತ್ತದೆ, ನಾಲ್ಕು ಎಂಟಾಗುತ್ತದೆ. ಬೆಳಗ್ಗೆ ಎಂಟು ಗಂಟೆಗೆ ಪೇಟೆಯಿಂದ ತಂದ ಮಾಂಸವನ್ನು ಮಧ್ಯಾಹ್ನ ಮೂರು ಗಂಟೆಯವರೆಗೆ ಹಾಗೆಯೇ ಇಟ್ಟಿರೆಂದುಕೊಳ್ಳಿ. ಏಳು ಗಂಟೆ, ಇಪ್ಪತ್ತೊಂದು ಸಲ ಇಮ್ಮಡಿ. ಒಂದೇ ಒಂದು ಜೀವಿಯಿಂದ 20 ಲಕ್ಷಕ್ಕೂ ಮೀರಿದ ಸಂತತಿ! ಇಷ್ಟಾದರೂ ಮಾಂಸದ ಬಣ್ಣ ಬದಲಾಗದಿರಬಹುದು, ವಾಸನೆಯೂ ಬಾರದಿರಬಹುದು. ಮಾಂಸವನ್ನು ನಾರುವಂತೆ ಮಾಡುವ ಜೀವಿಗಳೇ ಬೇರೆ, ರೋಗ ತರುವ ಜೀವಿಗಳೇ ಬೇರೆ. “ಮೂಸಿ ನೋಡಿದೆ, ಚೆನ್ನಾಗಿಯೇ ಇದೆ” ಎಂಬ ಮಾತಿಗೆ ಅಡಿಗೆಮನೆಯಲ್ಲಿ ಬೆಲೆಯಿರಬಹುದು, ಸೂಕ್ಷ್ಮದರ್ಶಕದ ಎದುರಿನಲ್ಲಿ ಇಲ್ಲ.

“ನಮ್ಮಲ್ಲಿ ಫ್ರಿಜ್ ಇದೆ, ಚಿಂತೆಯಿಲ್ಲ” ಎನ್ನುವವರಿಗೆ ಮತ್ತೊಬ್ಬನನ್ನು ಪರಿಚಯ ಮಾಡಿಸಬೇಕು. ಇವನ ಹೆಸರು ಯೆರ್ಸಿನಿಯ ಎಂಟೆರೊಕೊಲಿಟಿಕ. 1894ರಲ್ಲಿ ಹಾಂಕಾಂಗಿನಲ್ಲಿ ಪ್ಲೇಗಿನ ಅಣುಜೀವಿಯನ್ನು ಕಂಡ ಅಲೆಕ್ಸಾಂಡ್ರ್ ಯೆರ್ಸಿನ್ ಅವರ ಹೆಸರು ಹೊತ್ತ ಕುಲ ಇದು. ಪ್ಲೇಗಿನ ಜ್ಞಾತಿಯಾದರೂ ಅಷ್ಟು ಕ್ರೂರಿಯಲ್ಲ. ಇವನ ಮುಖ್ಯ ನೆಲೆ ಹಂದಿಯ ಗಂಟಲು ಮತ್ತು ಕರುಳು. ಚಳಿಯೆಂದರೆ ಇವನಿಗೆ ಭಯವಿಲ್ಲ. 4 ಡಿಗ್ರಿ ಸೆಂಟಿಗ್ರೇಡಿನ ಫ್ರಿಜ್ಜಿನಲ್ಲಿಯೂ ನಿಧಾನವಾಗಿ ಬೆಳೆಯುತ್ತಾನೆ. ದೊಡ್ಡ ಮಕ್ಕಳಲ್ಲಿ ಹೊಟ್ಟೆಯ ಬಲಗಡೆ ಕೆಳಗೆ ನೋವು ತಂದು, ಅಪೆಂಡಿಕ್ಸ್ ಬಾತಿದೆಯೆಂದು ಶಸ್ತ್ರಚಿಕಿತ್ಸಕರನ್ನೇ ಮೋಸಗೊಳಿಸುವುದುಂಟು. ಹೊಟ್ಟೆ ತೆರೆದು ನೋಡಿದರೆ ಅಪೆಂಡಿಕ್ಸ್ ಚೆನ್ನಾಗಿಯೇ ಇರುತ್ತದೆ.

ಇವನ ಬಗ್ಗೆ ಅಮೆರಿಕದ ಅಟ್ಲಾಂಟಾ ನಗರದಿಂದ 1990ರಲ್ಲಿ ಪ್ರಕಟವಾದ ಒಂದು ವರದಿಯನ್ನು ತಾಯಂದಿರೆಲ್ಲರೂ ತಿಳಿದಿರಬೇಕು. ಅಲ್ಲಿಯ ಕೆಲವು ಕುಟುಂಬಗಳಲ್ಲಿ ಚಳಿಗಾಲದ ಹಬ್ಬಕ್ಕೆ ಹಂದಿಯ ಕರುಳನ್ನು ತೊಳೆದು, ಬಹಳ ಹೊತ್ತು ಬೇಯಿಸಿ ತಿನ್ನುವ ಪದ್ಧತಿಯಿದೆ. ಬೇಯಿಸುವುದರಲ್ಲಿ ಕೊರತೆಯಿರಲಿಲ್ಲ. ತಿಂದ ದೊಡ್ಡವರು ಸುಖವಾಗಿದ್ದರು. ಆದರೆ ಆ ಮನೆಗಳ ಕೈಗೂಸುಗಳು ರಕ್ತಭೇದಿ, ಜ್ವರಗಳಿಂದ ಆಸ್ಪತ್ರೆಗೆ ಬಂದುವು. ಇನ್ನೂ ಹಾಲು ಕುಡಿಯುವ ಕೂಸುಗಳು ಹಂದಿಯ ಕರುಳನ್ನು ತಿನ್ನಲು ಸಾಧ್ಯವೆ? ಕಾರಣ ಹುಡುಕುತ್ತ ಹೋದವರಿಗೆ ಸಿಕ್ಕಿದ್ದು ಕೈ. ಕರುಳನ್ನು ತೊಳೆಯುವುದು ಗಂಟೆಗಟ್ಟಲೆಯ ಕೆಲಸ. ನಡುವೆ ಕೂಸು ಅತ್ತಿತು. ಕೈಯನ್ನು ಸೆರಗಿಗೆ ಒರೆಸಿಕೊಂಡಂತೆ ಮಾಡಿ ಎತ್ತಿಕೊಂಡದ್ದಾಯಿತು, ಹಾಲಿನ ಸೀಸೆ ಹಿಡಿದದ್ದಾಯಿತು. ಮಾಂಸದಿಂದ ಕೈಗೆ, ಕೈಯಿಂದ ಸೀಸೆಗೆ, ಸೀಸೆಯಿಂದ ಕೂಸಿನ ಬಾಯಿಗೆ. ನಮ್ಮ ಮನೆಗಳಲ್ಲಿ ಇದು ನಡೆಯುವುದಿಲ್ಲವೆ? ಒಲೆಯ ಮುಂದೆ ಕುಳಿತವಳನ್ನೇ ಮನೆಯ ಮಕ್ಕಳೆಲ್ಲ ಕರೆಯುವುದು ನಮ್ಮಲ್ಲಿಯೂ ಉಂಟಷ್ಟೆ. ಹಸಿ ಮಾಂಸದ ಕೆಲಸ ನಡೆಯುವಾಗ ಕೂಸನ್ನು ನೋಡಿಕೊಳ್ಳಲು ಬೇರೊಬ್ಬರು ಇರಬೇಕು. ಆ ಬೇರೊಬ್ಬರು ಮನೆಯ ಯಜಮಾನರೇ ಆದರೆ ಇನ್ನೂ ಒಳ್ಳೆಯದು!

ಕೊಯ್ಯುವವರ ಅಪಾಯಕ್ಕೆ ಇನ್ನೊಂದು ಉದಾಹರಣೆ ಚೀನ ದೇಶದ್ದು. 2005ರ ಬೇಸಗೆಯಲ್ಲಿ ಸಿಚುವಾನ್ ಪ್ರಾಂತದಲ್ಲಿ 200ಕ್ಕೂ ಹೆಚ್ಚು ಜನರಿಗೆ ಒಮ್ಮೆಲೇ ತೀವ್ರವಾದ ಜ್ವರ ಬಂದಿತು. ಕೆಲವರಿಗೆ ಮಿದುಳಿನ ಪೊರೆಯ ಉರಿಯೂತ, ಕೆಲವರಿಗೆ ಮೈಯೆಲ್ಲ ನಂಜೇರಿದ ಸ್ಥಿತಿ. 40ಕ್ಕೆ ಸಮೀಪ ಜನ ಸತ್ತರು. ಕಾರಣ ಸ್ಟ್ರೆಪ್ಟೊಕಾಕಸ್ ಸುಯಿಸ್ ಎಂಬ ಅಣುಜೀವಿ. ‘ಸುಯಿಸ್’ ಎಂದರೆ ಹಂದಿಯದು ಎಂದೇ ಅರ್ಥ. ರೋಗಿಗಳಲ್ಲಿ ಬಹುಮಂದಿ ಮನೆಯ ಹಿತ್ತಲಲ್ಲಿ ಹಂದಿ ಸಾಕಿದ ಬಡ ರೈತರು. ಕಾಯಿಲೆ ಬಿದ್ದ ಹಂದಿ, ಸತ್ತ ಹಂದಿ. ಎಸೆಯಲು ಮನಸ್ಸು ಬಾರದು, ಕೊಯ್ದು ಹಂಚಿಕೊಂಡರು. ಕೈಯಲ್ಲಿದ್ದ ಸಣ್ಣ ಗಾಯವೇ ರೋಗಾಣುವಿಗೆ ಹೆಬ್ಬಾಗಿಲಾಯಿತು. ಬದುಕಿ ಉಳಿದವರಲ್ಲಿಯೂ ಈ ರೋಗ ಆಗಾಗ ಒಂದು ಗುರುತು ಬಿಟ್ಟು ಹೋಗುತ್ತದೆ: ಕಿವುಡು. ವಿಯೆಟ್ನಾಮಿನಲ್ಲಿ ಹಂದಿಯ ಹಸಿ ರಕ್ತದ ತಿನಿಸು, ಉತ್ತರ ಥೈಲೆಂಡಿನಲ್ಲಿ ಹಸಿ ಮಾಂಸದ ಪಲ್ಯ ತಿನ್ನುವ ರೂಢಿ ಇರುವುದರಿಂದ ಅಲ್ಲಿ ಈ ರೋಗ ತಿನ್ನುವವರಿಗೂ ಬರುತ್ತದೆ. ಜಪಾನ್ ದೇಶ 2015ರಲ್ಲಿ ಹೋಟೆಲುಗಳಲ್ಲಿ ಹಸಿ ಹಂದಿಮಾಂಸ ಬಡಿಸುವುದನ್ನೇ ನಿಷೇಧಿಸಿತು. ಅಲ್ಲಿ ಯಕೃತ್ತಿಗೆ ಹತ್ತುವ ಒಂದು ವೈರಸ್ಸಿನ ಭಯವೂ ಇತ್ತು.

ನಮ್ಮ ನಾಡಿನಲ್ಲಿ ಹಸಿ ಮಾಂಸ ತಿನ್ನುವ ಪದ್ಧತಿ ಇಲ್ಲ; ಇದು ನಮ್ಮ ಪುಣ್ಯ. ಕೊಡಗಿನ ಪಂದಿಕರಿ ಒಲೆಯ ಮೇಲೆ ಬಹಳ ಹೊತ್ತು ಕುದಿದು, ಕಾಚಂಪುಳಿ ಸೇರಿ ಕಪ್ಪಗಾಗಿ, ಕಡಂಬುಟ್ಟಿನ ಜೊತೆಗೆ ಎಲೆಗೆ ಬರುತ್ತದೆ. ಮಂಗಳೂರಿನ ದುಕ್ರಾ ಮಾಸ್ ಸಹ ಮಸಾಲೆಯಲ್ಲಿ ಚೆನ್ನಾಗಿ ಬೆಂದದ್ದೇ. ಈ ಹಿರಿಯರ ಕ್ರಮವನ್ನು ವಿಜ್ಞಾನ ಮೆಚ್ಚುತ್ತದೆ. ಆದರೆ ಅದರಲ್ಲಿ ಕಾಪಾಡಿದ್ದು ಬೆಂಕಿ ಎಂಬುದನ್ನು ಮರೆಯಬಾರದು. ಹುಳಿ, ಉಪ್ಪು, ಮೆಣಸು, ಹೊಗೆ ಇವೆಲ್ಲ ಅಣುಜೀವಿಗಳ ಬೆಳವಣಿಗೆಯನ್ನು ಸ್ವಲ್ಪ ತಡೆಯಬಲ್ಲವು; ಕೊಲ್ಲುವ ಭರವಸೆ ಕೊಡಲಾರವು. ಒಲೆಯ ಮೇಲೆ ಹೊಗೆಗೆ ಕಟ್ಟಿ ಒಣಗಿಸಿದ ಮಾಂಸವನ್ನೂ ತಿನ್ನುವ ಮುಂಚೆ ಬೇಯಿಸಲೇಬೇಕು. ಈಚೆಗೆ ಪಟ್ಟಣಗಳಲ್ಲಿ ಕೆಂಡದ ಮೇಲೆ ಸುಟ್ಟು, ಹೊರಗೆ ಕಪ್ಪು, ಒಳಗೆ ಕೆಂಪು ಇರುವಾಗಲೇ ತಿನ್ನುವ ಷೋಕಿ ಹುಟ್ಟಿದೆ. ಹೊರಗಿನ ಕಪ್ಪು ಒಳಗಿನ ಹಸಿತನಕ್ಕೆ ಸಾಕ್ಷಿ ಹೇಳುವುದಿಲ್ಲ.

ಬೆಂದ ಮೇಲೆಯೂ ಒಂದು ಗಂಡಾಂತರವಿದೆ. ಮದುವೆಯ ಮನೆಯೆನ್ನಿ, ಹಬ್ಬದ ಮನೆಯೆನ್ನಿ, ದೊಡ್ಡ ಹಂಡೆಯಲ್ಲಿ ಮಾಂಸದ ಸಾರು ಮಾಡಿ ರಾತ್ರಿಯಿಡೀ ಮುಚ್ಚಿಡುವುದುಂಟು. ಹಂಡೆಯ ನಡುಭಾಗ ಆರಲು ಎಷ್ಟೋ ಗಂಟೆ ಬೇಕು. ಕ್ಲಾಸ್ಟ್ರಿಡಿಯಮ್ ಪರ್‌ಫ್ರಿಂಜೆನ್ಸ್ ಎಂಬ ಅಣುಜೀವಿಯ ಬೀಜರೂಪ ಕುದಿಯುವ ಬಿಸಿಯನ್ನೂ ತಡೆದು ಉಳಿಯಬಲ್ಲದು. ಸಾರು ಬೆಚ್ಚಗಾಗುತ್ತಿದ್ದಂತೆ ಮೊಳೆತು ಹೆಚ್ಚುತ್ತದೆ. ಇದರ ಭಯಂಕರ ರೂಪವನ್ನು ಕಂಡದ್ದು ಪಪುವಾ ನ್ಯೂಗಿನಿಯ ಬೆಟ್ಟಸೀಮೆಯಲ್ಲಿ. ಅಲ್ಲಿ ಹಂದಿಯ ಔತಣಗಳು ದೊಡ್ಡ ಉತ್ಸವಗಳು. ಔತಣವಾದ ಮೇಲೆ ಮಕ್ಕಳಿಗೆ ಕರುಳೇ ಕೊಳೆಯುವ ಕಾಯಿಲೆ ಬರುತ್ತಿತ್ತು; ಜನ ಅದನ್ನು ‘ಪಿಗ್‌ಬೆಲ್’ ಎಂದು ಕರೆದರು. 1960ರ ದಶಕದಲ್ಲಿ ವೈದ್ಯರು ಕಾರಣ ಬಿಡಿಸಿದರು. ಆ ಜನರ ನಿತ್ಯದ ಆಹಾರ ಗೆಣಸು, ಮಾಂಸ ಅಪರೂಪ. ಈ ಅಣುಜೀವಿಯ ನಂಜನ್ನು ಮುರಿಯಬೇಕಾದ ಜೀರ್ಣರಸ ಅಂಥ ಮಕ್ಕಳಲ್ಲಿ ಕಡಮೆ. ಗೆಣಸಿನಲ್ಲಿರುವ ಒಂದು ವಸ್ತು ಆ ರಸವನ್ನೂ ತಡೆಹಿಡಿಯುತ್ತದೆ. ಬಡತನವೂ ಔತಣವೂ ಒಂದೇ ಎಲೆಯಲ್ಲಿ ಕೂಡಿದಾಗ ಕೂಸು ಬಲಿಯಾಯಿತು. 1980ರ ಅನಂತರ ಮಕ್ಕಳಿಗೆ ಲಸಿಕೆ ಹಾಕತೊಡಗಿದ ಮೇಲೆ ಈ ಕಾಯಿಲೆ ಬಹಳವಾಗಿ ತಗ್ಗಿತು.

ಈಗ, ಮೊದಲು ಕೇಳಿದ ಪ್ರಶ್ನೆಗೆ ಬರೋಣ. ಹಂದಿಮಾಂಸ ಮುಟ್ಟದವರಿಗೆ ಇದೆಲ್ಲ ಏಕೆ? ಅಣುಜೀವಿಯಲ್ಲದ ಒಂದು ಹುಳುವಿನ ಮಾತನ್ನು ಇಲ್ಲಿ ಹೇಳಲೇಬೇಕು. ಅದು ಹಂದಿಯ ಲಾಡಿಹುಳು. ಸರಿಯಾಗಿ ಬೇಯದ ಮಾಂಸ ತಿಂದವನ ಕರುಳಿನಲ್ಲಿ ಅದು ಬೆಳೆಯುತ್ತದೆ. ಅದರ ಮೊಟ್ಟೆಗಳು ಮಲದೊಡನೆ ಹೊರಬಿದ್ದು, ನೀರಿಗೂ ತರಕಾರಿಯ ತೋಟಕ್ಕೂ ಸೇರುತ್ತವೆ. ಚೆನ್ನಾಗಿ ತೊಳೆಯದ ಕೊತ್ತಂಬರಿಸೊಪ್ಪು, ಸೌತೆಕಾಯಿಗಳ ಮೂಲಕ ಆ ಮೊಟ್ಟೆ ಯಾರ ಹೊಟ್ಟೆಗೆ ಹೋದರೂ, ಅದರಿಂದ ಹೊರಟ ಮರಿ ರಕ್ತದಲ್ಲಿ ಸಾಗಿ ಮಿದುಳಿನಲ್ಲಿ ಗೂಡು ಕಟ್ಟಬಹುದು. ನಮ್ಮ ದೇಶದಲ್ಲಿ ಮೂರ್ಛೆರೋಗಕ್ಕಿರುವ ಮುಖ್ಯ ಕಾರಣಗಳಲ್ಲಿ ಇದೊಂದು. ಹುಟ್ಟಿದಾರಭ್ಯ ಸಸ್ಯಾಹಾರಿಯಾದವರಿಗೂ ಇದು ಬರುತ್ತದೆ. ಒಬ್ಬರ ಮನೆಯ ಬೇಯದ ತುಂಡು, ಒಬ್ಬರ ಬಯಲುಮಲ, ಮತ್ತೊಬ್ಬರ ಮನೆಯ ಕೋಸಂಬರಿ: ಇವಕ್ಕೆ ಹೀಗೆ ಕಣ್ಣಿಗೆ ಕಾಣದ ಕೊಂಡಿ. ಅಲ್ಲದೆ ಸಾಲ್ಮೊನೆಲ್ಲ ಮೊಟ್ಟೆಯಿಂದಲೂ, ಕಾಯಿಸದ ಹಾಲಿನಿಂದಲೂ ಬರಬಲ್ಲದು. ಆದ್ದರಿಂದ ಎಚ್ಚರಕ್ಕೆ ಜಾತಿಯಿಲ್ಲ.

ಹಾಗಾದರೆ ಏನು ಮಾಡಬೇಕು? ನಾಲ್ಕು ಮಾತುಗಳನ್ನು ನೆನಪಿಡಿ: ಕೈ, ಕತ್ತಿ, ಕಾವು, ಕಾಲ.

ಮೊದಲನೆಯದು ಕೈ. ಹಸಿ ಮಾಂಸ ಮುಟ್ಟಿದ ಮೇಲೆ ಬೇರೆ ಏನನ್ನು ಮುಟ್ಟುವ ಮೊದಲೂ ಸೋಪು ಹಚ್ಚಿ, ಬೆರಳ ಸಂದಿ, ಉಗುರುಗಳನ್ನು ಉಜ್ಜಿ ತೊಳೆಯಬೇಕು. ಕೈಯಲ್ಲಿ ಗಾಯವಿದ್ದರೆ ಆ ಕೆಲಸವನ್ನು ಇನ್ನೊಬ್ಬರಿಗೆ ಬಿಡಿ, ಇಲ್ಲವೆ ರಬ್ಬರಿನ ಕೈಚೀಲ ಹಾಕಿಕೊಳ್ಳಿ. ಮಾಂಸವನ್ನು ನಲ್ಲಿಯ ರಭಸದ ನೀರಿಗೆ ಹಿಡಿಯಬೇಡಿ. ಹನಿಗಳು ಸಿಡಿದು ಪಕ್ಕದ ತಟ್ಟೆ ಲೋಟಗಳ ಮೇಲೆ ಬೀಳುತ್ತವೆ. ತೊಳೆಯಲೇಬೇಕೆಂದಿದ್ದರೆ ಪಾತ್ರೆಯ ನೀರಿನಲ್ಲಿ ಮೆಲ್ಲಗೆ ತೊಳೆದು, ಆ ಜಾಗವನ್ನೂ ಸೋಪುನೀರಿನಿಂದ ಉಜ್ಜಿ.

ಎರಡನೆಯದು ಕತ್ತಿ. ಮಾಂಸ ಕೊಯ್ಯುವ ಕತ್ತಿಯೂ ಮಣೆಯೂ ಪ್ರತ್ಯೇಕವಾಗಿರಲಿ. ಅದೇ ಮಣೆಯ ಮೇಲೆ ಸೌತೆಕಾಯಿ, ಈರುಳ್ಳಿ ಹೆಚ್ಚಿದಿರೋ, ಮಾಂಸವನ್ನು ಎಷ್ಟು ಬೇಯಿಸಿದರೂ ಪ್ರಯೋಜನವಿಲ್ಲ. ಅಣುಜೀವಿ ಹಸಿ ತರಕಾರಿಯ ಜೊತೆಗೆ ಎಲೆಗೆ ಬಂತು. ಒರೆಸುವ ಬಟ್ಟೆಯನ್ನು ಆಗಾಗ ಕುದಿನೀರಿಗೆ ಹಾಕಬೇಕು. ಫ್ರಿಜ್ಜಿನಲ್ಲಿ ಹಸಿ ಮಾಂಸವನ್ನು ಮುಚ್ಚಿ, ಎಲ್ಲಕ್ಕಿಂತ ಕೆಳಗಿನ ಅಂಕಣದಲ್ಲಿಡಿ. ಮೇಲಿಟ್ಟರೆ ಅದರ ನೀರು ಮೊಸರಿನ ಮೇಲೆ ತೊಟ್ಟಿಕ್ಕೀತು.

ಮೂರನೆಯದು ಕಾವು. ಇಡೀ ತುಂಡಾದರೆ ಅದರ ನಡುಭಾಗ 63 ಡಿಗ್ರಿ ಸೆಂಟಿಗ್ರೇಡ್ ಮುಟ್ಟಿ ಇಳಿಸಿದ ಮೇಲೆ ಮೂರು ನಿಮಿಷ ಹಾಗೆಯೇ ಇರಬೇಕು. ಕೊಚ್ಚಿದ ಮಾಂಸವಾದರೆ 71 ಡಿಗ್ರಿ ಮುಟ್ಟಬೇಕು. ಇದು ತಜ್ಞರ ಅಳತೆ. ನಮ್ಮ ಅಡಿಗೆಮನೆಗಳಲ್ಲಿ ಉಷ್ಣಮಾಪಕವೆಲ್ಲಿ? ಸಾರಿನಲ್ಲಿ ಸಣ್ಣ ತುಂಡುಗಳು ಕೊತಕೊತನೆ ಕುದಿದು ಮೆತ್ತಗಾದರೆ ಈ ಅಳತೆ ದಾಟಿತೆಂದೇ ತಿಳಿಯಿರಿ. ಹುರಿಯುವಾಗ, ಸುಡುವಾಗ ಎಲ್ಲಕ್ಕಿಂತ ದಪ್ಪನೆಯ ತುಂಡನ್ನು ಮುರಿದು ನಡುವೆ ನೋಡಿ. ಅನುಮಾನ ಬಂದರೆ ಮತ್ತೆ ಒಲೆಗೇರಿಸಿ. ಫ್ರೀಜರಿನ ಹೆಪ್ಪು ಅಣುಜೀವಿಗಳನ್ನು ಮಲಗಿಸುತ್ತದೆಯೇ ಹೊರತು ಕೊಲ್ಲುವುದಿಲ್ಲ.

ನಾಲ್ಕನೆಯದು ಕಾಲ. ಪೇಟೆಯ ಸುತ್ತಾಟವೆಲ್ಲ ಮುಗಿದ ಮೇಲೆ, ಕಡೆಯಲ್ಲಿ ಮಾಂಸ ಕೊಳ್ಳಿ. ಬೇಯಿಸಿದ್ದನ್ನು ಎರಡು ಗಂಟೆಯೊಳಗೆ, ಕಡುಬೇಸಗೆಯಾದರೆ ಒಂದೇ ಗಂಟೆಯೊಳಗೆ, ಬಡಿಸಿ ಮುಗಿಸಿ. ಉಳಿದುದನ್ನು ಅಗಲವಾದ ತಟ್ಟೆಗಳಿಗೆ ಹಂಚಿ, ಬೇಗ ಆರಿಸಿ, ಫ್ರಿಜ್ಜಿನಲ್ಲಿಡಿ. ಮರುದಿನ ಬೆಚ್ಚಗೆ ಮಾಡಿದರೆ ಸಾಲದು, ಕುದಿಸಬೇಕು. ಕುದಿಸಿದರೂ ಹೋಗದ ನಂಜೂ ಒಂದಿದೆ. ಅಡಿಗೆಯವರ ಮೂಗು, ಗಾಯ, ಹುಣ್ಣುಗಳಿಂದ ಆಹಾರಕ್ಕೆ ಬಿದ್ದು ಬೆಳೆಯುವ ಸ್ಟೆಫಿಲೊಕಾಕಸ್ ಅಣುಜೀವಿಯದು. ಆದ್ದರಿಂದ ಹೊರಗೆ ಬಹಳ ಹೊತ್ತು ಇದ್ದುದನ್ನು ಮತ್ತೆ ಕುದಿಸಿ ಶುದ್ಧಮಾಡುವ ಸಾಹಸ ಬೇಡ. ಚೆಲ್ಲಿದ ಸಾರಿನ ಬೆಲೆ ಆಸ್ಪತ್ರೆಯ ಬೆಲೆಗಿಂತ ಕಡಮೆ. ಇನ್ನು, ತಾನಾಗಿ ಸತ್ತ ಪ್ರಾಣಿಯ ಮಾಂಸ ಎಷ್ಟು ಅಗ್ಗವಾದರೂ ಬೇಡವೇ ಬೇಡ.

ಇಷ್ಟಾದರೂ ಕಾಯಿಲೆ ಬಂದರೆ? ವಾಂತಿಭೇದಿಯಲ್ಲಿ ಮೊದಲು ಬತ್ತುವುದು ಮೈಯ ನೀರು. ಔಷಧಿ ಅಂಗಡಿಯಲ್ಲಿ ಸಿಗುವ ಓಆರ್‌ಎಸ್ ಪುಡಿಯನ್ನು ಪೊಟ್ಟಣದ ಮೇಲೆ ಹೇಳಿದ ಅಳತೆಯ ಶುದ್ಧನೀರಿನಲ್ಲಿ ಕಲಸಿ, ಗುಟುಕು ಗುಟುಕಾಗಿ ಕುಡಿಸುತ್ತಿರಿ. ಕೂಸಿಗೆ ಮೊಲೆಹಾಲು ನಿಲ್ಲಿಸಬೇಡಿ. ಮನೆಯಲ್ಲಿ ಉಳಿದಿರುವ ಹಳೆಯ ಆಂಟಿಬಯಾಟಿಕ್ ಗುಳಿಗೆಗಳಿಗೆ ಕೈಹಾಕಬೇಡಿ. ಮಲದಲ್ಲಿ ರಕ್ತ, ಇಳಿಯದ ಜ್ವರ, ಮೂತ್ರ ಕಡಮೆಯಾಗುವುದು, ಕೂಸು ಜಡವಾಗಿ ಹಾಲು ಬಿಡುವುದು, ಕತ್ತು ಬಿಗಿಯುವುದು, ಒಂದು ಎರಡಾಗಿ ಕಾಣುವುದು, ನುಂಗಲಾರದಿರುವುದು, ಇವುಗಳಲ್ಲಿ ಯಾವುದೊಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ. ಆ ಕ್ಷಣವೇ ವೈದ್ಯರ ಬಳಿಗೆ ಹೋಗಿ. ಏನು ತಿಂದಿರಿ, ಎಂದು ತಿಂದಿರಿ, ಹಸಿ ಮಾಂಸ ಕೊಯ್ದಿರಾ ಎಂಬುದನ್ನು ಅವರು ಕೇಳುವ ಮೊದಲೇ ಹೇಳಿ. ಅರ್ಧ ಚಿಕಿತ್ಸೆ ಆ ಉತ್ತರದಲ್ಲಿಯೇ ಇರಬಹುದು.

ಬೆಂಕಿಯನ್ನು ವಶಮಾಡಿಕೊಂಡಂದಿನಿಂದ ಮನುಷ್ಯ ಮಾಂಸವನ್ನು ಬೇಯಿಸುತ್ತ ಬಂದಿದ್ದಾನೆ. ರುಚಿಗಾಗಿ ಮಾಡಿದ ಆ ಕೆಲಸ ಅವನ ಪ್ರಾಣವನ್ನೂ ಕಾಯುತ್ತಿತ್ತೆಂಬುದು ತಿಳಿದದ್ದು ತೀರ ಈಚೆಗೆ. ಒಲೆಯ ಕೆಲಸವನ್ನು ಒಲೆಗೆ ಬಿಟ್ಟರೆ ಅದು ಮೋಸ ಮಾಡುವುದಿಲ್ಲ. ಉಳಿದ ಕೆಲಸ ನಮ್ಮ ಕೈಯದು. ಅದಕ್ಕೆ ಬೇಕಾದುದು ಒಂದು ತುಂಡು ಸೋಪು, ಇನ್ನೊಂದು ಮಣೆ, ಗಡಿಯಾರದ ಮೇಲೊಂದು ಕಣ್ಣು. ಮುಂದಿನ ಸಲ ಮನೆಯಲ್ಲಿ ಮಾಂಸದ ಅಡಿಗೆಯಾದಾಗ, ಒಲೆ ಹಚ್ಚುವ ಮುಂಚೆ, ಕೂಸು ಯಾರ ಕೈಯಲ್ಲಿದೆ ಎಂದು ಒಮ್ಮೆ ನೋಡಿಕೊಳ್ಳಿ.